ನಮ್ಮ ಸೀಮೆಯ ಕಲಾಶಾಲೆಗಳು: ಸಾಲೋಟಗಿಯಿಂದ ಹಲಸಂಗಿಯವರೆಗೆ

ಶ್ರೀಮಠದ ಮಹೋತ್ಸವದ ಸ್ಮರಣಾರ್ಥವಾಗಿ ಒಂದು ಕಲಾಮಂದಿರವನ್ನು ಕಟ್ಟಿಸಬೇಕೆಂಬ ವಿಚಾರವು ಸದ್ಭಕ್ತರ ಮನಸ್ಸಿನಲ್ಲಿ ಮೂಡಿರುವದು ಸಂತೋಷದ ಸಂಗತಿಯು. ಹಾಡು, ವಾದ್ಯ, ನಾಟಕ, ಪುರಾಣಪ್ರವಚನಗಳಿಗೆ ಒಂದು ನೆಲೆ ಬೇಕೆಂದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕೂ ಕಡೆಯ ಭಕ್ತರು ಒಂದೇ ಧ್ವನಿಯಿಂದ ಹೇಳುತ್ತಿದ್ದಾರೆ. ಕಟ್ಟಡದ ನಕ್ಷೆಯನ್ನು ಬರೆಯುವವರು ಬರೆಯಲಿ. ಕಲ್ಲು ಮಣ್ಣುಗಳ ಲೆಕ್ಕವನ್ನು ಬಲ್ಲವರು ಮಾಡಲಿ. ಹಳೆಯ ಓಲೆಗಳನ್ನೂ ಶಾಸನಗಳನ್ನೂ ತಿರುವಿಹಾಕುತ್ತ ಕಾಲ ಕಳೆದ ನನ್ನಂಥವನ ಪಾಲಿಗೆ ಬರುವ ಕೆಲಸವು ಬೇರೆ. ಇಂಥ ಮಂದಿರಗಳನ್ನು ನಮ್ಮ ಹಿರಿಯರು ಕಟ್ಟಿದ್ದರೋ ಇಲ್ಲವೋ, ಕಟ್ಟಿದ್ದರೆ ಯಾವ ಬಲದ ಮೇಲೆ ನಡೆಯಿಸಿದರು, ಏಕೆ ಅವು ನಿಂತವು, ಏಕೆ ಬಿದ್ದವು ಎಂಬುದನ್ನು ಕಂಡಷ್ಟು ನಿವೇದಿಸುವೆನು.

ಮೊದಲು ಸಾಲೋಟಗಿಯ ಮಾತು. ಇಂಡಿಗೆ ಸಮೀಪದ ಈ ಊರನ್ನು ನಮ್ಮಲ್ಲಿ ಬಹುಜನರು ಬಲ್ಲರು; ಆದರೆ ಅಲ್ಲಿಯ ಶಿಲಾಸ್ತಂಭದ ಮೇಲಿನ ಬರಹವನ್ನು ಬಲ್ಲವರು ಕಡಿಮೆ. ಶಕವರ್ಷ ೮೬೭, ಅಂದರೆ ಕ್ರಿ. ಶ. ೯೪೫ರಲ್ಲಿ, ಮಾನ್ಯಖೇಟದಲ್ಲಿ ರಾಷ್ಟ್ರಕೂಟ ಚಕ್ರವರ್ತಿಯಾದ ಮೂರನೆಯ ಕೃಷ್ಣನು ಆಳುತ್ತಿರಲು, ಅವನ ಮಂತ್ರಿಯಾದ ನಾರಾಯಣನು ಪಾವಿಟ್ಟಗೆಯೆಂಬ ಅಗ್ರಹಾರದಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ಆ ಪಾವಿಟ್ಟಗೆಯೇ ಇಂದಿನ ಸಾಲೋಟಗಿ. ಬ್ರಹ್ಮ ವಿಷ್ಣು ಮಹೇಶ್ವರರೆಂಬ ತ್ರೈಪುರುಷರ ಸನ್ನಿಧಿಯಲ್ಲಿದ್ದ ಈ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದು ಶಾಸನವು ಹೇಳುತ್ತದೆ. ಇಷ್ಟೇ ಆಗಿದ್ದರೆ ಒಬ್ಬ ಮಂತ್ರಿಯ ಔದಾರ್ಯದ ಕಥೆಯೆಂದು ಮುಂದೆ ಸಾಗಬಹುದಿತ್ತು. ಆದರೆ ಆ ಶಾಸನದ ನಿಜವಾದ ಹಿರಿಮೆಯು ನಾರಾಯಣನ ಹೆಸರಿನಲ್ಲಿರದೆ ಊರವರ ಕಟ್ಟಳೆಯಲ್ಲಿರುವದು.

ಚಕ್ರಾಯುಧನೆಂಬ ಮುಖಂಡನೊಡನೆ ಆ ಅಗ್ರಹಾರದ ಇನ್ನೂರು ಜನರು ಕೂಡಿ ಶಾಲೆಗೆ ಬಿಟ್ಟ ದತ್ತಿಗಳನ್ನು ನೋಡಿರಿ. ವಿದ್ಯಾರ್ಥಿಗಳ ವಾಸಕ್ಕೆ ೨೭ ನಿವೇಶನಗಳು. ದೀಪದೆಣ್ಣೆಗೆಂದು ೧೨ ನಿವರ್ತನ ಭೂಮಿ. ಪಾಠ ಹೇಳುವ ಉಪಾಧ್ಯಾಯನಿಗೆ ೫೦ ನಿವರ್ತನ. ಪೂಜೆಯ ಹೂವಿಗೆ ಬೇರೊಂದು ತೋಟ. ಇದಾದ ಮೇಲೆ ಬರುವ ಕಟ್ಟಳೆಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆನು. ಆ ಊರಿನಲ್ಲಿ ಮದುವೆಯಾದರೆ ಆ ಮನೆಯವರು ಶಾಲೆಗೆ ಐದು ನಾಣ್ಯ ಕೊಡಬೇಕು. ಉಪನಯನವಾದರೆ ಅದರ ಅರ್ಧ. ಮಗುವಿನ ಚೌಲವಾದರೆ ಅದಕ್ಕಿಂತಲೂ ಕಡಿಮೆ. ಯಾರಾದರೂ ಊಟಕ್ಕೆ ಹಾಕಿಸಿದರೆ ಶಾಲೆಯವರನ್ನು ಮರೆಯದೆ ಕರೆಯಬೇಕು. ಎಂದರೆ ಊರಿನ ಪ್ರತಿಯೊಂದು ಮಂಗಲಕಾರ್ಯವೂ ಆ ಶಾಲೆಯ ಹಣತೆಗೆ ಒಂದೊಂದು ಹನಿ ಎಣ್ಣೆಯನ್ನು ಹಾಕುತ್ತಿದ್ದಿತು. ರಾಜನು ಕೊಟ್ಟದ್ದು ಒಮ್ಮೆ. ಊರು ಕೊಟ್ಟದ್ದು ದಿನದಿನವೂ. ಮುಂದೆ ಆ ಕಟ್ಟಡವು ಕೆಡಲು, ಸ್ಥಳಿಕ ಮಾಂಡಲಿಕನೊಬ್ಬನು ಅದನ್ನು ಮರಳಿ ಕಟ್ಟಿಸಿದ ಸಂಗತಿಯೂ ಅದೇ ಕಂಬದಿಂದ ತಿಳಿದುಬರುವದು. ಕಟ್ಟಿದವನು ಸತ್ತ ಬಳಿಕವೂ ಅದನ್ನು ಎತ್ತಿ ನಿಲ್ಲಿಸುವ ಜನ ಇದ್ದರೆಂಬುದೇ ಇಲ್ಲಿ ಮುಖ್ಯವು.

ಆ ಶಾಲೆಯು ಅಗ್ರಹಾರದ ಶಾಲೆಯಾಗಿದ್ದಿತು, ಅದರ ಬಾಗಿಲು ಎಲ್ಲರಿಗೆ ತೆರೆದಿರಲಿಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ಸರಿಯಾದ ಆಕ್ಷೇಪವೇ. ಶರಣರು ಹುಟ್ಟಿದ ಸೀಮೆಯಲ್ಲಿ ನಿಂತು ಆ ಮಾತನ್ನು ಮರೆಮಾಚಲಾಗದು. ನಾವು ಅಲ್ಲಿಂದ ತಕ್ಕೊಳ್ಳಬೇಕಾದದ್ದು ಬಾಗಿಲಿನ ಕಟ್ಟಳೆಯನ್ನಲ್ಲ, ಎಣ್ಣೆಯ ಕಟ್ಟಳೆಯನ್ನು.

ಗೀತ ನೃತ್ಯ ವಾದ್ಯಗಳ ವಿಷಯಕ್ಕೆ ಬಂದರೆ, ಹಿಂದಿನ ಕಾಲದಲ್ಲಿ ದೇವಾಲಯವೇ ಕಲಾಮಂದಿರವಾಗಿದ್ದಿತು. ದೇವಾಲಯಕ್ಕೆ ಬಿಟ್ಟ ದತ್ತಿಗಳಲ್ಲಿ 'ಅಂಗಭೋಗ ರಂಗಭೋಗ' ಎಂಬ ಮಾತು ನಮ್ಮ ನಾಡಿನ ಶಾಸನಗಳಲ್ಲಿ ಹೆಜ್ಜೆಹೆಜ್ಜೆಗೆ ಸಿಗುವದು. ಅಂಗಭೋಗವೆಂದರೆ ಸ್ನಾನ ಗಂಧ ಪುಷ್ಪಾದಿ ಸೇವೆ. ರಂಗಭೋಗವೆಂದರೆ ರಂಗಮಂಟಪದಲ್ಲಿ ನಡೆಯುವ ಗೀತ ನೃತ್ಯಗಳ ಸೇವೆ. ಪಟ್ಟದಕಲ್ಲಿನಲ್ಲಿ ೮ನೆಯ ಶತಮಾನದಲ್ಲಿ ಚಾಲುಕ್ಯರ ರಾಣಿ ಲೋಕಮಹಾದೇವಿಯು, ಹಿಂದೆ ವಿಜಯಾದಿತ್ಯನು ಗಾಯಕರಿಗೆ ಕೊಟ್ಟಿದ್ದ ಮರ್ಯಾದೆಗಳನ್ನು ಸ್ಥಿರಪಡಿಸಿದ್ದನ್ನು ಕಲ್ಲಿನಲ್ಲಿ ಕೆತ್ತಿಸಿದ್ದಾರೆ. ಅಲ್ಲಿಯೇ ಅಚಲನೆಂಬ ನಟನ ಹೊಗಳಿಕೆಯ ಬರಹವೂ ಉಂಟು. ನಟನ ಹೆಸರನ್ನು ದೇವಾಲಯದ ಕಲ್ಲಿನಲ್ಲಿ ಬರೆಯಿಸಿದ ಜನ ನಮ್ಮವರು!

ಇದೇ ಶಾಸನಗಳಲ್ಲಿ ಇನ್ನೊಂದು ಮಾತು: 'ಖಂಡಸ್ಫುಟಿತ ಜೀರ್ಣೋದ್ಧಾರ'. ಒಡೆದದ್ದನ್ನು ಬಿರುಕುಬಿಟ್ಟದ್ದನ್ನು ಸರಿಪಡಿಸುವದಕ್ಕಾಗಿ ಎಂದರ್ಥ. ದೇವಾಲಯವು ಹೊಚ್ಚಹೊಸದಾಗಿ ನಿಂತ ದಿನವೇ ದತ್ತಿ ಬಿಡುವವರು ಅದು ಒಡೆಯುವ ದಿನಕ್ಕಾಗಿಯೂ ಹೊಲವನ್ನು ಬರೆದುಕೊಡುತ್ತಿದ್ದರು. ಈಗಿನ ಕಟ್ಟಡಗಳ ಅಡಿಗಲ್ಲಿನ ಮೇಲೆ ದಾನಿಗಳ ಹೆಸರುಗಳನ್ನು ಬೇಕಾದಷ್ಟು ಓದಿದ್ದೇನೆ. ಈ ಮಾತನ್ನು ಮಾತ್ರ ಎಲ್ಲಿಯೂ ಕಾಣಲಿಲ್ಲ.

ಇನ್ನು ೧೨ನೆಯ ಶತಮಾನ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಕಲ್ಯಾಣದಲ್ಲಿ ನಡೆಯಿಸಿದ ಅನುಭವಮಂಟಪದ ಬಗೆಗೆ ಭಕ್ತರಿಗೆ ನಾನು ಹೇಳಬೇಕಾದದ್ದೇನೂ ಇಲ್ಲ. ಅದು ಕಲ್ಲಿನ ಮಂಟಪವಾಗಿತ್ತೋ ಅಥವಾ ಶರಣರು ಕೂಡಿದ ಗೋಷ್ಠಿಗೇ ಆ ಹೆಸರೋ ಎಂದು ಇತಿಹಾಸಜ್ಞರು ವಾದಿಸುವದುಂಟು. ನನಗೆ ಆ ವಾದವು ಅಷ್ಟು ಮಹತ್ತ್ವದ್ದೆಂದು ತೋರಿಲ್ಲ. ಕಲ್ಲಿನದಾಗಿದ್ದರೆ ಅದು ಬಿದ್ದುಹೋಯಿತು. ಮಾತಿನದಾಗಿದ್ದರೆ ಅದು ಉಳಿಯಿತು. ಆ ಮಾತು ಉಳಿದದ್ದಾದರೂ ತಾನಾಗಿ ಉಳಿಯಲಿಲ್ಲ. ಮಠಗಳ ಅಟ್ಟಗಳಲ್ಲಿ, ಮನೆಗಳ ಜಗಲಿಗಳಲ್ಲಿ ಹುಳ ತಿನ್ನುತ್ತಿದ್ದ ತಾಳೆಯ ಗರಿಗಳನ್ನು ಹುಡುಕಿ ತಂದು ಅಚ್ಚು ಹಾಕಿಸಿದ ಫ. ಗು. ಹಳಕಟ್ಟಿಯವರನ್ನು ನೆನೆಯದೆ ಈ ಪ್ರಸಂಗವನ್ನು ದಾಟಲಾಗದು. ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ, ೧೯೨೫ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯ, ೧೯೨೬ರಲ್ಲಿ ಶಿವಾನುಭವ ಪತ್ರಿಕೆ. ಇದಕ್ಕಾಗಿ ಅವರು ಇದ್ದ ಮನೆಯನ್ನು ಕೂಡ ಮಾರಿದರೆಂಬುದು ನಾಡೆಲ್ಲ ಬಲ್ಲ ಮಾತು. ಕಟ್ಟಡವನ್ನು ಕಟ್ಟುವವರಿಗೆ ಹಳಕಟ್ಟಿಯವರ ನೆನಪು ಏಕೆಂದು ಕೇಳಬೇಡಿರಿ. ಅದಕ್ಕೆ ಕಾರಣವು ಮುಂದೆ ತಿಳಿದೀತು.

ಹಳ್ಳಿಯ ಕಲೆಗೆ ಎಂದೂ ಗೋಡೆಗಳಿರಲಿಲ್ಲ. ಅಗಸಿಯ ಕಟ್ಟೆ, ಹನುಮಂತದೇವರ ಗುಡಿಯ ಮುಂದಿನ ಬಯಲು, ಸುಗ್ಗಿಯ ಕಣ, ಮಠದ ಅಂಗಳ, ಇವೇ ಅದರ ರಂಗಗಳು. ಬಂಡಿಗಳನ್ನು ಕೂಡಿಸಿ ಹಲಗೆ ಹಾಸಿದರೆ ಬಯಲಾಟದ ಅಟ್ಟವಾಯಿತು. ಭೀಮೆಯಿಂದ ಕೃಷ್ಣೆಯವರೆಗೆ ಎಷ್ಟೊಂದು ಬಗೆ! ಶ್ರಾವಣದ ಭಜನೆ, ಡೊಳ್ಳಿನ ಹಾಡು, ಕರಡಿಮಜಲು, ಪುರವಂತರ ಒಡಪು, ರಾತ್ರಿಯಿಡೀ ನಡೆಯುವ ಗೀಗೀ ಮೇಳದ ಸವಾಲು ಜವಾಬು. ಹರದೇಶಿಯವರು ಪುರುಷನೇ ಹೆಚ್ಚೆಂದರೆ ನಾಗೇಶಿಯವರು ಪ್ರಕೃತಿಯೇ ಹೆಚ್ಚೆಂದು ಬೆಳಗಾಗುವವರೆಗೆ ವಾದಿಸುವದನ್ನು ಕೇಳಿದವರು, ನಮ್ಮ ಪಾಠಶಾಲೆಯ ವಾಕ್ಯಾರ್ಥಸಭೆಯು ಇದಕ್ಕಿಂತ ಬೇರೆಯೇನೆಂದು ಆಶ್ಚರ್ಯಪಡುವರು. ಕಣದಲ್ಲಿ ದನಗಳನ್ನು ಸುತ್ತಿಸಿ ಜೋಳವನ್ನು ತುಳಿಸುವಾಗಿನ ಹಂತಿಯ ಹಾಡು, ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಕ್ಕಳ ತ್ರಿಪದಿ, ಇವುಗಳಿಗೆ ಕೇಳುಗರು ಕೂಡ ಬೇಕಾಗಿರಲಿಲ್ಲ.

ಈ ಹಾಡುಗಳು ಕೆಲಸಕ್ಕೆ ಅಂಟಿಕೊಂಡಿದ್ದವು. ಆದುದರಿಂದಲೇ ಕೆಲಸವು ಹೋದೊಡನೆ ಹಾಡೂ ಹೋಯಿತು. ಹಿಟ್ಟಿನ ಗಿರಣಿಯು ಬಂದಿತು, ಬೀಸುಕಲ್ಲು ಮೂಲೆಗೆ ಸೇರಿತು. ರಾಶಿ ಮಾಡುವ ಯಂತ್ರವು ಬಂದಿತು, ಕಣವೂ ಹಂತಿಯೂ ಹೋದವು. ಕಾಲುವೆಯ ನೀರು ಬಂದಲ್ಲಿ ಜೋಳದ ಹೊಲವು ಕಬ್ಬಿನ ಹೊಲವಾಯಿತು. ಆಲಮಟ್ಟಿಯ ಆಣೆಕಟ್ಟಿಗೆ ೧೯೬೪ರಲ್ಲಿ ಲಾಲ್ ಬಹಾದೂರ ಶಾಸ್ತ್ರಿಯವರು ಅಡಿಗಲ್ಲನ್ನಿಟ್ಟರು. ಮುಂದೆ ನೀರು ನಿಂತಾಗ ಹಳೆಯ ಕೊಲ್ಹಾರದಂಥ ಊರುಗಳು ತಮ್ಮ ಅಗಸಿ ಕಟ್ಟೆಗಳ ಸಹಿತ ಮುಳುಗಿದವು. ನೀರು ಬಂದದ್ದು ಬೇಡವೆಂದು ಯಾರು ಹೇಳುವರು? ಬರಗಾಲವೆಂದರೆ ಏನೆಂಬುದನ್ನು ಬಲ್ಲ ಸೀಮೆಯಿದು. ೧೮೭೬–೭೮ರ ಬರದಲ್ಲಿ ಇಲ್ಲಿ ಸತ್ತವರಿಗೆ ಎಣಿಕೆಯಿಲ್ಲ. ಆದರೆ ಹೊಸ ಊರಿನಲ್ಲಿ ಮನೆಗಳನ್ನು ಅಳೆದುಕೊಡುವಾಗ ಹಾಡಿಗೆ ಜಾಗವನ್ನು ಅಳೆದುಕೊಡುವವರು ಯಾರು? ಅದನ್ನು ಊರವರೇ ಮಾಡಿಕೊಳ್ಳಬೇಕು.

ನಾಟಕದ ವಿಷಯವನ್ನು ಸಂಕ್ಷೇಪವಾಗಿ ಹೇಳುವೆನು, ಏಕೆಂದರೆ ಅದನ್ನು ಬರೆದವರು ಬಹುಮಂದಿ ಇದ್ದಾರೆ. ೧೮೪೩ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಮೊದಲ ಮರಾಠಿ ನಾಟಕವನ್ನಾಡಿದಾಗ ಅದಕ್ಕೆ ಪ್ರೇರಣೆಯು ಕನ್ನಡ ನಾಡಿನಿಂದ ಹೋದ ಭಾಗವತರ ಮೇಳವು. ಮುಂದೆ ಮರಾಠಿ ಮಂಡಳಿಗಳೇ ನಮ್ಮ ಊರುಗಳಿಗೆ ಬಂದು ಹಣ ಗಳಿಸಹತ್ತಿದಾಗ, ೧೮೭೦ರ ದಶಕದಲ್ಲಿ ಗದಗಿನಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿಗೆ ನಿಂತರು. ನಾವು ಕೊಟ್ಟದ್ದನ್ನು ನಾವೇ ಮರಳಿ ಸಾಲ ತಂದ ಕಥೆಯಿದು. ಆ ಬಳಿಕ ತಗಡು ತಟ್ಟಿಗಳ ಥೇಟರುಗಳು ಜಾತ್ರೆಯಿಂದ ಜಾತ್ರೆಗೆ ತಿರುಗಿದವು. ಸಿಂದಗಿ ತಾಲ್ಲೂಕಿನ ಹಂದಿಗನೂರು ಸಿದ್ರಾಮಪ್ಪನವರಂಥ ನಟರನ್ನು ಕೊಟ್ಟಿತು. ರಕ್ತರಾತ್ರಿಯನ್ನು ಬರೆದ ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರವು ಈಗ ವಿಜಯಪುರದಲ್ಲಿ ನಿಂತಿದೆ. ಭೀಮಾತೀರದ ಅಗರಖೇಡದಲ್ಲಿ ೧೯೦೪ರಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು, ಅಂದರೆ ಶ್ರೀರಂಗರು, ಕನ್ನಡಕ್ಕೆ ಹೊಸ ನಾಟಕವನ್ನು ಕೊಟ್ಟದ್ದಲ್ಲದೆ ಭರತನ ನಾಟ್ಯಶಾಸ್ತ್ರವನ್ನೂ ತಿಳಿಗನ್ನಡಕ್ಕೆ ತಂದರು. ಒಂದು ಹಳ್ಳಿಯ ಮಗನು ಎರಡು ಸಾವಿರ ವರುಷದ ಶಾಸ್ತ್ರವನ್ನು ಹೀಗೆ ಮನೆಗೆ ತಂದುಕೊಟ್ಟರೂ, ನಾವು ರಂಗಮಂದಿರ ಕಟ್ಟುವಾಗ ಅದರ ಎರಡನೆಯ ಅಧ್ಯಾಯವನ್ನು ತೆರೆದು ನೋಡುವದಿಲ್ಲ. ಆ ವಿಷಯವನ್ನು ಆಮೇಲೆ ಹೇಳುವೆನು.

ಈಗ ಹಲಸಂಗಿ. ಮೊದಲು ಇಂಡಿ ತಾಲ್ಲೂಕಿಗೆ ಸೇರಿದ್ದು ಈಗ ಚಡಚಣ ತಾಲ್ಲೂಕಿನಲ್ಲಿರುವ ಈ ಸಣ್ಣ ಊರು ಕನ್ನಡಕ್ಕೆ ಮಾಡಿದ ಉಪಕಾರವನ್ನು ದೊಡ್ಡ ಪಟ್ಟಣಗಳು ಮಾಡಲಿಲ್ಲ. ಲಾವಣಿಕಾರ ಖಾಜಾಭಾಯಿಯವರ ಊರಿದು. ಇಲ್ಲಿ ಚೆನ್ನಮಲ್ಲಪ್ಪ ಗಲಗಲಿಯವರು, ಲೋಕವು ಮಧುರಚೆನ್ನರೆಂದು ಬಲ್ಲವರು, ತಮ್ಮ ಸುತ್ತ ಗೆಳೆಯರನ್ನು ಕೂಡಿಸಿದರು. ಚಡಚಣದ ಸಿಂಪಿ ಲಿಂಗಣ್ಣನವರು, ಪಿ. ಧೂಲಾಸಾಹೇಬರು, ಕಾಪಸೆ ರೇವಪ್ಪನವರು. ಜಾತಿ ಮತಗಳನ್ನು ಕೇಳದೆ ಒಂದೇ ಜಗಲಿಯ ಮೇಲೆ ಕುಳಿತ ಈ ತರುಣರ ಹತ್ತಿರ ಹಣವಿರಲಿಲ್ಲ, ಪದವಿಗಳಿರಲಿಲ್ಲ, ಮಂದಿರವಂತೂ ಇರಲೇ ಇಲ್ಲ. ಒಂದು ವಾಚನಾಲಯವನ್ನು ನಡೆಯಿಸಿದರು. ಓದಿದರು, ಓದಿದ್ದನ್ನು ಒಬ್ಬರಿಗೊಬ್ಬರು ಹೇಳಿದರು. ಹೇಳುತ್ತ ಹೇಳುತ್ತ, ತಾವು ಪುಸ್ತಕಗಳಲ್ಲಿ ಹುಡುಕುವ ಕಾವ್ಯವು ತಮ್ಮ ತಾಯಂದಿರ ಬೀಸುಕಲ್ಲಿನ ಬಳಿಯಲ್ಲಿಯೇ ಇದೆಯೆಂಬುದು ಅವರಿಗೆ ಹೊಳೆಯಿತು.

ಅಂದಿನ ಕಾಲವನ್ನು ನೆನೆದುಕೊಳ್ಳಬೇಕು. ಓದುಬರಹ ಬಲ್ಲವರು ಹಳ್ಳಿಯ ಹಾಡನ್ನು ಹಾಡೆಂದು ಎಣಿಸುತ್ತಿರಲಿಲ್ಲ. ವಿಜಾಪುರ ಸೀಮೆಯು ಮುಂಬಯಿ ಇಲಾಖೆಯಲ್ಲಿದ್ದಿತು. ಕಚೇರಿಯಲ್ಲಿ ಮರಾಠಿಯ ಪ್ರಾಬಲ್ಯ, ಶಾಲೆಯಲ್ಲಿ ಇಂಗ್ಲಿಷಿನ ಆಸೆ. ಅಂಥಲ್ಲಿ ಈ ಗೆಳೆಯರು ಕೇಳಿ ಬರೆದುಕೊಂಡದ್ದು ೧೯೩೧ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಿಂದ ಹೊರಬಂದಿತು. ಬಿ. ಎಂ. ಶ್ರೀಕಂಠಯ್ಯನವರು ಅದಕ್ಕೆ ಮುನ್ನುಡಿಯ ಮಾತುಗಳನ್ನು ಬರೆದರು. ಅದರ ಹಿಂದೆ ೧೯೩೩ರಲ್ಲಿ 'ಜೀವನ ಸಂಗೀತ', ೧೯೩೫ರಲ್ಲಿ 'ಮಲ್ಲಿಗೆ ದಂಡೆ'. ಕನ್ನಡದಲ್ಲಿ ಜನಪದ ಸಾಹಿತ್ಯವೆಂಬ ಒಂದು ಶಾಸ್ತ್ರವು ಬೆಳೆದು ವಿಶ್ವವಿದ್ಯಾಲಯಗಳ ಪೀಠವನ್ನೇರಿತಲ್ಲವೇ, ಅದರ ಬೇರುಗಳಲ್ಲಿ ಒಂದು ಈ ಊರಿನ ಜಗಲಿಯಲ್ಲಿದೆ. ಮಧುರಚೆನ್ನರು ೧೯೦೩ರಲ್ಲಿ ಹುಟ್ಟಿ ೧೯೫೩ರ ಅಗಸ್ಟ ೧೫ರಂದು ತೀರಿಕೊಂಡರು. ಐವತ್ತೇ ವರುಷದ ಬಾಳು. ಸಿಂಪಿ ಲಿಂಗಣ್ಣನವರು ದೀರ್ಘಕಾಲ ಬಾಳಿ ಕೊಪ್ಪಳದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಹಲಸಂಗಿ ಗೆಳೆಯರ ಹೆಸರಿನ ಪ್ರತಿಷ್ಠಾನವೊಂದನ್ನು ಸರಕಾರವು ಬಳಿಕ ಸ್ಥಾಪಿಸಿತು. ಅದು ಯೋಗ್ಯವೇ. ಆದರೆ ನೋಡಿರಿ, ಗೆಳೆಯರು ಮೊದಲು, ಹಾಡು ಆಮೇಲೆ, ಪುಸ್ತಕವು ಅದರ ಮೇಲೆ, ಸಂಸ್ಥೆಯು ಎಲ್ಲಕ್ಕೂ ಕೊನೆಗೆ. ನಾವು ಇಂದು ಈ ಕ್ರಮವನ್ನು ತಲೆಕೆಳಗು ಮಾಡಿ ಕಟ್ಟಡದಿಂದ ಹೊರಡುತ್ತೇವೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿಯೂ ಇದೇ ಕ್ರಮವನ್ನು ಕಾಣುತ್ತೇವೆ. ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಸಂಗೀತವನ್ನು ಕಲಿತ ಪಂಚಾಕ್ಷರಿ ಗವಾಯಿಗಳು ಅಂಧ ಬಾಲಕರನ್ನು ಕಟ್ಟಿಕೊಂಡು ಊರೂರು ತಿರುಗಿ ಪಾಠ ಹೇಳಿದರು. ನೆಲೆಯು ದೊರೆತದ್ದು ಆಮೇಲೆ. ಬಸವರಾಜ ರಾಜಗುರುಗಳಂಥವರು ಆ ತಿರುಗುವ ಶಾಲೆಯಿಂದ ಬಂದವರು. ೧೯೪೪ರಲ್ಲಿ ಗುರುಗಳು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು ೨೦೧೦ರವರೆಗೆ ಆ ಭಾರವನ್ನು ಹೊತ್ತರು, ನಾಟಕ ಮಂಡಳಿಯನ್ನು ಕಟ್ಟಿ ಅದರ ಉತ್ಪನ್ನದಿಂದ ಮಕ್ಕಳಿಗೆ ಅನ್ನ ಹಾಕಿದರು. ಕಲೆಯೇ ದಾಸೋಹವನ್ನು ನಡೆಯಿಸಿದ ದೃಷ್ಟಾಂತವಿದು.

ಇಷ್ಟೆಲ್ಲ ಹೇಳಿದ್ದರಿಂದ ಮಂದಿರವೇ ಬೇಡವೆಂಬುದು ನನ್ನ ಅಭಿಪ್ರಾಯವೆಂದು ತಿಳಿಯಬಾರದು. ಮಂದಿರವು ಬೇಕು, ಆದರೆ ಅದು ಕೇಳುವಂತಿರಬೇಕು, ಕಾಣುವಂತಿರಬೇಕು. ಭರತಮುನಿಯು ನಾಟ್ಯಮಂಟಪವನ್ನು ನೀಳವಾದದ್ದು, ಚೌಕವಾದದ್ದು, ಮುಕ್ಕೋನದ್ದು ಎಂದು ಮೂರು ಬಗೆಯಾಗಿ ವಿಂಗಡಿಸಿ, ಮನುಷ್ಯರಿಗೆ ೬೪ ಮೊಳ ಉದ್ದ ೩೨ ಮೊಳ ಅಗಲದ ಮಧ್ಯಮ ಅಳತೆಯೇ ಯೋಗ್ಯವೆನ್ನುವನು. ನಮ್ಮ ಲೆಕ್ಕದಲ್ಲಿ ಸುಮಾರು ೯೬ ಅಡಿ, ೪೮ ಅಡಿ. ಅದಕ್ಕಿಂತ ದೊಡ್ಡದಾದರೆ ನಟನ ಮಾತು ಕೆಟ್ಟು ಕೇಳುವದು, ಮುಖದ ಭಾವವು ಕಾಣದೆ ಹೋಗುವದು ಎಂಬುದು ಅವನ ಕಾರಣ. ಅದರಲ್ಲಿ ಅರ್ಧವು ಪ್ರೇಕ್ಷಕರಿಗೆ, ಅರ್ಧವು ರಂಗ ನೇಪಥ್ಯಗಳಿಗೆ. ಮಂಟಪವು ಬೆಟ್ಟದ ಗುಹೆಯಂತಿದ್ದು ಕಿಟಕಿಗಳು ಸಣ್ಣವಾಗಿರಬೇಕು, ಗಾಳಿ ನುಗ್ಗಬಾರದು, ದನಿ ಗಂಭೀರವಾಗಬೇಕು ಎನ್ನುವನು. ಇಂದಿನ ಯಂತ್ರಗಳು ಇದ್ದರೂ ಈ ಮಾತು ಹಳತಾಗಿಲ್ಲ.

ನಾನು ಪ್ರವಚನಕ್ಕೆಂದು ಹೋದ ಒಂದು ಹಳ್ಳಿಯಲ್ಲಿ, ಹೆಸರನ್ನು ಹೇಳುವದಿಲ್ಲ, ದೊಡ್ಡದೊಂದು ಭವನವನ್ನು ಕಟ್ಟಿದ್ದರು. ಮೇಲೆ ತಗಡು. ನಾನು ಆಡಿದ ಮಾತು ತಿರುಗಿ ನನ್ನ ಕಿವಿಗೇ ಎರಡೆರಡು ಸಲ ಬಂದು ಬಡಿಯಿತು. ಮುಂದಿನ ಸಾಲಿನವರಿಗೂ ತಿಳಿಯಲಿಲ್ಲ. ನಡುವೆ ಮಳೆ ಬಂದಿತು, ಪ್ರವಚನವು ಅಲ್ಲಿಗೆ ಮುಗಿಯಿತು. ಮರುವರುಷ ಹೋದಾಗ ಅದರಲ್ಲಿ ಗೊಬ್ಬರದ ಚೀಲಗಳನ್ನು ಒಟ್ಟಿದ್ದರು. ಜನರು ಹನುಮಂತದೇವರ ಗುಡಿಯ ಮುಂದೆಯೇ ಕುಳಿತು ಭಜನೆ ಮಾಡುತ್ತಿದ್ದರು. ಅವರನ್ನು ನಾನು ತಪ್ಪೆನ್ನಲಾರೆ.

ಇನ್ನೊಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸಿದರೆ ಆತ್ಮವಂಚನೆಯಾದೀತು. ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದಾಗ ದಾಸೋಹದ ಮನೆಯಲ್ಲಿ ಜೋಳ ಹಸನು ಮಾಡಲು ಮುದುಕಿಯೊಬ್ಬಳು ಬರುತ್ತಿದ್ದಳು. ಕೈ ಮರವನ್ನು ಆಡಿಸುತ್ತಿರಲು ಬಾಯಿ ಹಾಡುತ್ತಿದ್ದಿತು. ನಾವು ಮಗ್ಗುಲ ಕೋಣೆಯಲ್ಲಿ ಅಮರಕೋಶವನ್ನು ಉರುಹೊಡೆಯುತ್ತಿದ್ದೆವು. ಆಕೆಯ ದನಿ ನಮ್ಮ ಪಾಠಕ್ಕೆ ಅಡ್ಡಿಯಾಗುವದೆಂದು ಒಂದು ದಿನ ನಾನೇ ಎದ್ದು ಹೋಗಿ, "ಆಯಿ, ಜರಾ ಸುಮ್ಮನಿರ್ರಿ" ಎಂದೆನು. "ಆತಪ್ಪಾ ಸ್ವಾಮಿ" ಎಂದು ಆಕೆ ಸುಮ್ಮನಾದಳು. ಅಂದಿನಿಂದ ನಾವಿದ್ದಾಗ ಹಾಡಲಿಲ್ಲ. ಹಲಸಂಗಿಯ ಗೆಳೆಯರು ಪುಸ್ತಕಗಳನ್ನು ತಂದು ಅರ್ಧಶತಮಾನವು ಕಳೆದಿದ್ದಿತು. ಅವು ನಮ್ಮ ಮಠದ ಕಪಾಟಿನಲ್ಲಿಯೂ ಇದ್ದವು. ನಾನು ಅವನ್ನು ತೆರೆದದ್ದು ಆಕೆ ತೀರಿಕೊಂಡ ಎಷ್ಟೋ ವರುಷಗಳ ಮೇಲೆ. ಓದುತ್ತ ಹೋದಂತೆ, ಆ ಧಾಟಿಯನ್ನು ಕಿವಿಯು ಗುರುತಿಸಿತು. ಪದಗಳು ಮಾತ್ರ ಒಂದೂ ನೆನಪಾಗಲಿಲ್ಲ.

ಆದುದರಿಂದ ಭಕ್ತರಲ್ಲಿ ನನ್ನ ಬಿನ್ನಹವಿಷ್ಟೇ. ಮಂದಿರದ ಸಭಾಂಗಣವು ತುಸು ಸಣ್ಣದಾದರೂ ಆಗಲಿ. ಅದರ ಮಗ್ಗುಲಲ್ಲಿ ಹಾಡುವವರು ಬಂದು ನೆಲದ ಮೇಲೆ ಕುಳಿತು ಹಾಡಲು, ಬಲ್ಲವರು ಅದನ್ನು ಧ್ವನಿಮುದ್ರಿಸಿ ಬರೆದಿಡಲು ಒಂದು ಕೋಣೆಯಿರಲಿ. ಹಳಕಟ್ಟಿಯವರು ತಾಳೆಗರಿಗಳಿಗೆ ಮಾಡಿದ್ದನ್ನು ನಾವು ಬಾಯಿಗಳಿಗೆ ಮಾಡಬೇಕಾಗಿದೆ, ಮತ್ತು ಬಾಯಿಗಳು ತಾಳೆಗರಿಗಳಷ್ಟು ಕಾಯುವದಿಲ್ಲ. ಎರಡನೆಯದಾಗಿ, ಕಟ್ಟುವ ಹಣದೊಡನೆಯೇ ಖಂಡಸ್ಫುಟಿತಕ್ಕೆಂದು ಬೇರೆ ಹಣವನ್ನು ತೆಗೆದಿಡಬೇಕು. ಶ್ರೀಮಠದಲ್ಲಿ ಲಗ್ನ ಮಾಡುವವರು, ಅಯ್ಯಾಚಾರ ಮಾಡಿಸುವವರು ಸಾಲೋಟಗಿಯವರಂತೆ ತಮ್ಮ ಶಕ್ತ್ಯನುಸಾರ ಒಂದಿಷ್ಟನ್ನು ಮಂದಿರದ ದೀಪಕ್ಕೆ ಕೊಡುವ ಪದ್ಧತಿಯನ್ನು ಹಾಕಿಕೊಂಡರೆ ಯಾರಿಗೂ ಭಾರವಾಗದು. ಅದರ ಲೆಕ್ಕವನ್ನು ವರುಷಕ್ಕೊಮ್ಮೆ ಜಾತ್ರೆಯಲ್ಲಿ ಎಲ್ಲರ ಮುಂದೆ ಓದಬೇಕು.

ಆ ಮುದುಕಿಯ ಸೊಸೆಯು ಇನ್ನೂ ಇದ್ದಾಳೆ, ಅತ್ತೆಯ ಹಾಡುಗಳಲ್ಲಿ ಕೆಲವು ಆಕೆಗೆ ಬರುತ್ತವೆ ಎಂದು ಮೊನ್ನೆ ಒಬ್ಬರು ಹೇಳಿದರು. ಜಾತ್ರೆ ಮುಗಿದ ಮೇಲೆ ಆ ಊರಿಗೆ ಹೋಗುವೆನು.